ಮೊದಲು ಒಂದು ಸುತ್ತು

ಆಸ್ಪತ್ರೆಯ ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ರೋಗಿಗಳಿಗೆ ನಾವು ಕಾಣುವುದಿಲ್ಲ, ನಮಗೆ ರೋಗಿಗಳು ಕಾಣುವುದಿಲ್ಲ. ಅವರ ಬೆಡ್‌ಶೀಟುಗಳು ಮಾತ್ರ ಕಾಣುತ್ತವೆ. ಯಾವ ವಾರ್ಡಿನಲ್ಲಿ ಏನು ನಡೆಯಿತೆಂದು ದೊಡ್ಡ ಡಾಕ್ಟರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ ಎಂದು ನಾವು ಜಂಬ ಕೊಚ್ಚಿಕೊಳ್ಳುವುದುಂಟು. ಅಲ್ಲಿ ನನ್ನದು ಹೊಲಿಗೆ ಮೆಷಿನ್. ಹರಿದ ಶೀಟಿಗೆ ತೇಪೆ ಹಾಕುವುದು, ರೋಗಿಗಳ ಗೌನಿಗೆ ಕಿತ್ತುಹೋದ ಲಾಡಿ ಹೊಲಿಯುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಬೆನ್ನುನೋವು. ನನ್ನೆದುರಿಗೆ ಬಟ್ಟೆ ಮಡಿಸುವ ಉದ್ದದ ಮೇಜು. ಮೇಜಿನ ಆಚೆ ಬದಿಗೆ ಸುತ್ತಿನಕ್ಕ ನಿಂತಿರುತ್ತಿದ್ದರು.

ಅವರು ಇವತ್ತು ಹಾಸಿಗೆಯ ಮೇಲಾದರೂ ಬದುಕಿರುತ್ತಿದ್ದರು, ನಾನು ಬಾಯಿ ಮುಚ್ಚಿಕೊಂಡಿದ್ದರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆಯ ಕೊನೆಯವರೆಗೆ ಕಾಯಿಸಿ ಆಮೇಲೆ ಕಣ್ಣೀರು ಹಾಕಿಸುವ ಜಾಣತನ ನನಗೆ ಬೇಕಿಲ್ಲ. ಓದುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಸುತ್ತಿನಕ್ಕ ಎನ್ನುವುದು ನಾವಿಟ್ಟ ಹೆಸರು. ಏಳು ಮಕ್ಕಳ ಮನೆಯಲ್ಲಿ ಐದನೆಯವರು ಅವರು. ಐದನೆಯ ಮಗುವನ್ನು ಯಾರೂ ಏನೂ ಕೇಳುವುದಿಲ್ಲ ಎನ್ನುತ್ತಿದ್ದರು. ಮೇಲಿನವರ ಲಂಗ ಬರುತ್ತದೆ, ಮೇಲಿನವರ ಪುಸ್ತಕ ಬರುತ್ತದೆ, ಮೇಲಿನವರು ಬಿಟ್ಟ ಜಾಗದಲ್ಲಿ ಮಲಗುವುದು. ಶಾಲೆಯಲ್ಲೂ ಅದೇ ಕತೆ. ಮೇಷ್ಟ್ರು ಪಾಠ ಮುಗಿಸಿ ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಹೂಂ’ ಎನ್ನಬೇಕು. ಅರ್ಥ ಆಗದಿದ್ದರೂ ಎನ್ನಬೇಕು, ಇಲ್ಲದಿದ್ದರೆ ಮನೆಗೆ ಬಿಡುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಹೀಗೆ ಹೂಂಗುಟ್ಟಿ, ಆಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದರು.

ಅವರ ಮದುವೆಯಾದದ್ದೂ ಒಂದು ಹೂಂನಿಂದಲೇ. ಹತ್ತೊಂಬತ್ತು ವರ್ಷ. ಹಿತ್ತಲಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನೀರು ತುಂಬಿಸುತ್ತಿದ್ದರಂತೆ. ಒಳಗಿನಿಂದ ಅಪ್ಪ ಏನೋ ಕೂಗಿ ಕೇಳಿದರು. ನೀರಿನ ಸದ್ದಿನಲ್ಲಿ ಇವರಿಗೆ ಕೇಳಿಸಲಿಲ್ಲ. ‘ಹೂಂ?’ ಎಂದರು, ಅಂದರೆ ಏನಪ್ಪಾ ಅಂದೆ ಎಂದು. ಅಪ್ಪನಿಗೆ ಕೇಳಿಸಿದ್ದು ಬರೀ ಹೂಂ. ಬಕೆಟ್ ಹೊತ್ತು ಒಳಗೆ ಬರುವಷ್ಟರಲ್ಲಿ ಲಾರಿ ಓಡಿಸುವ ಒಬ್ಬರಿಗೆ ಮಾತು ಕೊಟ್ಟಾಗಿತ್ತು.

‘ಕೆಟ್ಟವರಲ್ಲಮ್ಮ. ಬೇಕಾದವರೂ ಅಲ್ಲ,’ ಎಂದು ಗಂಡನ ಬಗ್ಗೆ ಅಕ್ಕ ನಗುತ್ತಾ ಹೇಳುತ್ತಿದ್ದರು. ಮಗಳಿಗೆ ಆರು ವರ್ಷವಾದಾಗ ಆತ ತೀರಿಕೊಂಡರು. ಆ ವರ್ಷವೇ ಅಕ್ಕ ಲಾಂಡ್ರಿಗೆ ಸೇರಿದ್ದು.

ನಮ್ಮ ಸೂಪರ್‌ವೈಸರಿಗೆ ನಾವು ಆಯ್ತಾ ಸಾಹೇಬರು ಎನ್ನುತ್ತಿದ್ದೆವು. ಏನು ಹೇಳಿದರೂ ಕೊನೆಗೊಂದು ‘ಆಯ್ತಾ?’ ಇರಲೇಬೇಕು. ನಾವು ಹೂಂ ಎನ್ನುತ್ತಿದ್ದೆವು. ಅವರು ನೆಮ್ಮದಿಯಿಂದ ಹೋಗುತ್ತಿದ್ದರು. ಪ್ರತಿ ವಿಭಾಗದಲ್ಲೂ ಕೆಲಸಗಾರರ ಸಮಿತಿ ಮಾಡಿ, ತಿಂಗಳಿಗೊಂದು ಸಭೆ ನಡೆಸಿ, ನಡಾವಳಿ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂತು. ಹತ್ತನೇ ಕ್ಲಾಸು ಪಾಸಾದವಳು, ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ನಡಾವಳಿ ಪುಸ್ತಕ ನನ್ನ ಕೊರಳಿಗೆ ಬಿತ್ತು. ಟೀ ಆರುವಷ್ಟು ಹೊತ್ತಿನ ಸಭೆ. ಸಾಹೇಬರು ಓದುತ್ತಿದ್ದರು, ನಾವು ಹೂಂ ಎನ್ನುತ್ತಿದ್ದೆವು, ನಾನು ‘ಎಲ್ಲರೂ ಒಪ್ಪಿದರು’ ಎಂದು ಬರೆಯುತ್ತಿದ್ದೆ. ಆ ಎರಡು ಪದ ಬರೆದೂ ಬರೆದೂ ನನ್ನ ಕೈ ಎಷ್ಟು ಪಳಗಿತ್ತೆಂದರೆ ಸಭೆ ಶುರುವಾಗುವ ಮೊದಲೇ ಬರೆದಿಟ್ಟದ್ದೂ ಇದೆ.

ಕೊಳೆ ಬಟ್ಟೆ ವಿಂಗಡಿಸುವ ಜಾಗದಲ್ಲಿ ಒಬ್ಬಳಿದ್ದಳು. ಸಣ್ಣ ಮೈ, ಅದಕ್ಕಿಂತ ಸಣ್ಣ ದನಿ. ಗುಬ್ಬಿ ಎಂದು ಕರೆಯುತ್ತಿದ್ದೆವು. ಸೋಂಕಿನ ವಾರ್ಡಿನ ಬಟ್ಟೆಯನ್ನು ಇನ್ನು ಮೇಲೆ ಅವಳೇ ವಿಂಗಡಿಸಬೇಕು ಎಂದು ಒಂದು ಸಭೆಯಲ್ಲಿ ಸಾಹೇಬರು ಹೇಳಿದರು. ಆಯ್ತಾ? ಹೂಂ. ಎಲ್ಲರೂ ಒಪ್ಪಿದರು. ಅವಳ ಕೈಬೆರಳುಗಳು ಸೋಪಿನ ಪುಡಿಗೆ ಬಿರಿದು ಗೀರುಗೀರಾಗಿದ್ದವು. ಆ ಕೈಗೆ ಗ್ಲೌಸ್ ಎಳೆದುಕೊಳ್ಳುವುದೆಂದರೆ ಜೀವ ಹೋಗುತ್ತಿತ್ತು. ಮರುದಿನ ಒದ್ದೆ ಬಟ್ಟೆಯ ಗಾಡಿಯ ಹಿಂದೆ ಅವಳು ಅಳುತ್ತಾ ಕೂತಿದ್ದನ್ನು ಅಕ್ಕ ನೋಡಿದರು. ನಿನ್ನೆ ಒಪ್ಪಿದೆಯಲ್ಲ ಎಂದು ಕೇಳಿದರು.

‘ನಾನೆಲ್ಲಿ ಒಪ್ಪಿದೆ ಅಕ್ಕ? ಕೇಳಿಸ್ತು ಅಂತ ಹೂಂ ಅಂದೆ, ಅಷ್ಟೆ,’ ಎಂದಳು ಗುಬ್ಬಿ.

ಅಕ್ಕ ನೇರ ನನ್ನ ಮೆಷಿನ್ ಹತ್ತಿರ ಬಂದರು. ಪುಸ್ತಕ ತೆಗೆಸಿ ಹಿಂದಿನ ದಿನದ ಪುಟ ಓದಿಸಿದರು. ನಾನು ಓದಿದೆ. ನನ್ನ ದುಂಡಗಿನ ಅಕ್ಷರ ನನಗೇ ಅಸಹ್ಯವಾಯಿತು. ಆಗಲೇ ಅವರು ನಲ್ಲಿಯ ಕೆಳಗಿನ ಬಕೆಟ್ಟಿನ ಕತೆಯನ್ನು ನನಗೆ ಮೊದಲ ಸಲ ಹೇಳಿದ್ದು. ನಗಿಸುವ ಹಾಗೆ ಶುರುಮಾಡಿದರು. ಮುಗಿಸುವಾಗ ನಾವಿಬ್ಬರೂ ನಗುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಸಾಹೇಬರು ಓದಲು ಶುರುಮಾಡುವ ಮುಂಚೆ ಅಕ್ಕ ಎದ್ದು ನಿಂತರು. ಮೊದಲು ಒಂದು ಸುತ್ತು ಆಗಲಿ ಎಂದರು. ಎಲ್ಲರೂ ಒಂದೊಂದು ಸಲ ಮಾತಾಡಬೇಕು, ಒಬ್ಬರ ಮಧ್ಯೆ ಇನ್ನೊಬ್ಬರು ಬಾಯಿ ಹಾಕಬಾರದು, ಹೇಳುವುದಕ್ಕೆ ಏನಿಲ್ಲದಿದ್ದರೆ ಏನಿಲ್ಲ ಎಂದಾದರೂ ಹೇಳಬೇಕು. ಸುತ್ತು ಹೊಡೆಯಲು ಇದೇನು ಮೈದಾನವೇ ಎಂದು ಸಾಹೇಬರು ಗೊಣಗಿದರು. ಗೊಣಗಿದ್ದೂ ಒಂದು ಮಾತೇ, ನಿಮ್ಮ ಸರದಿ ಮುಗಿಯಿತು ಎಂದು ಅಕ್ಕ ಮುಂದಿನವರ ಕಡೆ ತಿರುಗಿದರು.

ಸುತ್ತು ಮುಗಿದ ಮೇಲೆ ಎರಡನೆಯ ಸುತ್ತು. ಅದರಲ್ಲಿ ಮೂರೇ ಉತ್ತರ: ಬೇಕು, ಬೇಡ, ಗೊತ್ತಿಲ್ಲ. ಹೂಂ ಎನ್ನುವ ಹಾಗಿಲ್ಲ. ಎಂದವರು ಅವತ್ತಿನ ಟೀ ಲೋಟಗಳನ್ನೆಲ್ಲ ತೊಳೆಯಬೇಕು. ಮೊದಲ ಆರು ತಿಂಗಳು ಲೋಟ ತೊಳೆದವರು ಹೆಚ್ಚಾಗಿ ಆಯ್ತಾ ಸಾಹೇಬರೇ. ಮೇಲಿನವರ ಫೋನಿಗೆ ಹೂಂ ಎಂದರೂ ನಾವು ಬಿಡುತ್ತಿರಲಿಲ್ಲ. ಅವರೇನೂ ಕೆಟ್ಟ ಮನುಷ್ಯರಲ್ಲ ಎಂದು ನಮಗೆ ಗೊತ್ತಾದದ್ದು ಆ ಲೋಟಗಳಿಂದ. ಅವರನ್ನೂ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ.

ಬೇಡ ಎನ್ನುವುದು ಮಾತ್ರ ಯಾರ ಬಾಯಿಗೂ ಸಲೀಸಾಗಿ ಬರುತ್ತಿರಲಿಲ್ಲ. ಅದಕ್ಕೆ ಅಕ್ಕ ಟೀ ಹೊತ್ತಿನಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ಗುಬ್ಬೀ, ನನ್ನ ಹಳೇ ಚಪ್ಪಲಿ ಬೇಕಾ? ಸಾಹೇಬರ ಉಪದೇಶ ಬೇಕಾ? ನನ್ನ ನಾದಿನಿ ಬೇಕಾ, ಪುಕ್ಕಟೆ ಕೊಡ್ತೀನಿ? ಗುಬ್ಬಿ ನಗುತ್ತಾ ಬೇಡ ಬೇಡ ಎನ್ನುತ್ತಿದ್ದಳು. ನಗುವಾಗ ಬಂದ ಪದ ಸಭೆಯಲ್ಲಿ ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ದಿನ ಎಷ್ಟು ಜೋರಾಗಿ ಬಂತೆಂದರೆ ಅವಳೇ ಬೆಚ್ಚಿ ಕುರ್ಚಿ ಹಿಡಿದುಕೊಂಡಳು. ಸೋಂಕಿನ ವಾರ್ಡಿನ ಬಟ್ಟೆ ಅಂದಿನಿಂದ ನಾಲ್ಕು ಜನರಿಗೆ ಹಂಚಿಹೋಯಿತು. ಅದರಲ್ಲಿ ನಾನೂ ಒಬ್ಬಳು, ಅಕ್ಕನೂ ಒಬ್ಬರು.

ಇನ್ನೊಂದು ಸಂಗತಿ ಹೇಳದಿದ್ದರೆ ಅಕ್ಕ ಅರ್ಥವಾಗುವುದಿಲ್ಲ. ಊಟದ ಬಿಡುವನ್ನು ಅರ್ಧ ಗಂಟೆ ಮುಂದಕ್ಕೆ ಹಾಕೋಣ ಎಂದು ಒಂದು ಸಲ ಅವರೇ ಸಲಹೆ ಮಾಡಿದ್ದರು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಅದರ ಲಾಭ ವಿವರಿಸಿದ್ದರು. ಗೆಲ್ಲುವುದು ಖಾತ್ರಿಯಾಗಿತ್ತು. ಮೊದಲ ಸುತ್ತಿನಲ್ಲಿ ಇಸ್ತ್ರಿ ರೋಲರಿನ ಹುಡುಗಿಯ ಸರದಿ ಬಂತು. ಅವಳ ಕೈಕೂಸನ್ನು ಅತ್ತೆ ಊಟದ ಬಿಡುವಿಗೆ ಸರಿಯಾಗಿ ಗೇಟಿನ ಹತ್ತಿರ ತರುತ್ತಾರೆ, ಅತ್ತೆಗೆ ಬೇರೆ ಬಸ್ಸಿಲ್ಲ, ಅರ್ಧ ಗಂಟೆ ತಡವಾದರೆ ಮಗು ಅತ್ತು ಅತ್ತು ಸುಸ್ತಾಗುತ್ತದೆ ಎಂದಳು. ಅಷ್ಟೇ ಹೇಳಿದಳು. ಎರಡನೆಯ ಸುತ್ತಿನಲ್ಲಿ ಅಕ್ಕ ಬೇಡ ಎಂದರು. ತಮ್ಮ ಮಾತಿಗೆ ತಾವೇ. ನನಗೆ ಸಿಟ್ಟು ಬಂತು. ಅವರ ಪರವಾಗಿ ನಾನು ಮೂವರ ಹತ್ತಿರ ಜಗಳ ಆಡಿ ಬಂದಿದ್ದೆ.

‘ಮೊದಲನೇ ಸುತ್ತು ಅದಕ್ಕೇ ಇರೋದು ಕಣೇ. ಎಲ್ಲರ ಮಾತು ಕೇಳಿದ ಮೇಲೂ ಬರುವಾಗ ತಂದಿದ್ದ ಉತ್ತರಾನೇ ಕೊಡೋ ಹಾಗಿದ್ರೆ, ಮನೇಲೇ ಕೂತು ಕೈ ಎತ್ತಬಹುದಿತ್ತಲ್ಲ,’ ಎಂದರು ಅಕ್ಕ.

ಆ ಮಾತನ್ನು ನಾನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ. ಬರೆದಿಟ್ಟರೆ ಕಲಿತ ಹಾಗೆ ಎಂದು ತಿಳಿದಿದ್ದೆ.

ಸುತ್ತು ಲಾಂಡ್ರಿಯಿಂದ ಆಸ್ಪತ್ರೆಯ ಅಡುಗೆಮನೆಗೆ ಹೋಯಿತು, ಅಲ್ಲಿಂದ ಕಸ ಗುಡಿಸುವವರ ಕೋಣೆಗೆ. ಅಕ್ಕನ ಬೀದಿಯಲ್ಲಿ ನೀರಿನ ಟ್ಯಾಂಕ್ ಎಲ್ಲಿಡಬೇಕೆಂಬ ಜಗಳ ಎರಡು ವರ್ಷದಿಂದ ನಡೆದಿತ್ತು. ಒಂದು ಭಾನುವಾರ ಎಲ್ಲರನ್ನೂ ರಸ್ತೆಯಲ್ಲೇ ಕುರ್ಚಿ ಹಾಕಿ ಕೂರಿಸಿದರು, ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಟ್ಯಾಂಕ್ ಅಕ್ಕನ ಮನೆಯಿಂದ ಎಲ್ಲಕ್ಕಿಂತ ದೂರಕ್ಕೆ ಹೋಯಿತು. ಕೊಡ ಹೊತ್ತು ನಡೆಯುವಾಗ ಅವರು ಅದನ್ನು ಬೈದುಕೊಳ್ಳುತ್ತಲೇ ಇದ್ದರು, ಬದಲಾಯಿಸಿ ಎಂದು ಮಾತ್ರ ಕೇಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅದನ್ನು ಕಲಿತವಳು ಮಗಳು. ಇಬ್ಬರೇ ಇದ್ದ ಮನೆಯಲ್ಲಿ ಸುತ್ತು ಎಂದರೆ ಎದುರುಬದುರು ಕೂರುವುದು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಉಸಿರೆತ್ತುವ ಹಾಗಿಲ್ಲ. ಮಗಳು ನರ್ಸ್ ಆಗಲಿ ಎಂದು ಅಕ್ಕನಿಗೆ ಪ್ರಾಣ. ಮೇಲಿನ ಮಹಡಿಗಳಲ್ಲಿ ಬಿಳಿ ಬಟ್ಟೆಯಲ್ಲಿ ಓಡಾಡಲಿ, ಆ ಬಟ್ಟೆ ತಾವು ಮಡಿಸಿದ್ದಾಗಿರಲಿ ಎಂದು. ಮಗಳಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಎದುರುಬದುರು ಕೂತರು. ಮಗಳು ಟೀಚರ್ ಆದಳು. ಮೂರನೇ ಕ್ಲಾಸಿನ ಮಕ್ಕಳನ್ನು ನೆಲದ ಮೇಲೆ ದುಂಡಗೆ ಕೂರಿಸಿ, ಆಟದ ಸಮಯಕ್ಕೆ ಏನು ಆಡಬೇಕು, ಕಿಟಕಿ ಪಕ್ಕ ಯಾರು ಕೂರಬೇಕು ಎಂದು ಸುತ್ತು ಮಾಡಿಸುತ್ತಿದ್ದಳು. ಒಬ್ಬ ಪುಟ್ಟ ಹುಡುಗಿ ಹೆಮ್ಮೆಯಿಂದ ಗೊತ್ತಿಲ್ಲ ಎಂದದ್ದನ್ನು ಅವಳು ಅಮ್ಮನಿಗೆ ಹೇಳಿ, ಅಮ್ಮ ನಮಗೆಲ್ಲ ಹೇಳಿ, ಒಂದು ವಾರ ನಮಗೆ ಅದೇ ಮಾತು. ತರಗತಿಯಲ್ಲಿ ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಬಂದಿದ್ದರೆ ಐದನೇ ಕ್ಲಾಸು ನೋಡುತ್ತಿದ್ದೆನೇನೋ ಎಂದರು ಅಕ್ಕ.

ಅಕ್ಕನ ನಿವೃತ್ತಿಗೆ ಎರಡು ತಿಂಗಳಿತ್ತು. ಬೆಳಗಿನ ಮೊದಲ ರಾಶಿ ಮಡಿಸುತ್ತಿದ್ದೆವು. ಒಂದು ಶೀಟಿನ ಈ ತುದಿ ನಾನು ಹಿಡಿದಿದ್ದೆ, ಆ ತುದಿ ಅವರು. ಅವರ ಬಲಗೈಯಿಂದ ಅಂಚು ಜಾರಿ ಬಿತ್ತು. ಏನಕ್ಕಾ, ನಿದ್ದೆಯಾ ಎಂದು ರೇಗಿಸಿದೆ.

‘ಹೂಂ,’ ಎಂದರು.

ಲೋಟ ತೊಳೆಯಬೇಕು ನೋಡಿ ಎಂದು ನಾನು ನಕ್ಕೆ. ನಗುತ್ತಲೇ ಮುಖ ನೋಡಿದರೆ ತುಟಿ ಒಂದು ಕಡೆಗೆ ಎಳೆದುಹೋಗಿತ್ತು. ಲಕ್ವ ಹೊಡೆದಿತ್ತು. ಬಟ್ಟೆಯ ಗಾಡಿಯಲ್ಲೇ ಮಲಗಿಸಿಕೊಂಡು ಮೇಲೆ ಓಡಿದೆವು. ಬಲಗೈ, ಬಲಗಾಲು ಹೋದವು. ಮಾತಿನಲ್ಲಿ ಉಳಿದದ್ದು ಅದೊಂದೇ ಶಬ್ದ. ನೋವಾದರೆ ಹೂಂ, ಹಸಿದರೆ ಹೂಂ, ಮಗಳು ಬಂದರೆ ಹೂಂ. ಬೇರೆ ಯಾವ ಪದಕ್ಕೆ ಬಾಯಿ ತೆರೆದರೂ ಅದೇ ಹೊರಗೆ ಬರುತ್ತಿತ್ತು. ಅದು ಬಂದಾಗಲೆಲ್ಲ ಅವರ ಕಣ್ಣು ಸಿಟ್ಟಿನಿಂದ ಕೆಂಪಾಗುತ್ತಿತ್ತು. ದೇವರಿಗೆ ಇಷ್ಟು ಕೊಂಕು ಬುದ್ಧಿ ಯಾಕೆ ಎಂದು ನಾನು ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಅವರು ಮಲಗಿದ್ದ ಶೀಟಿನ ತೇಪೆ ನನ್ನ ಮೆಷಿನ್ನಿನದು. ಸರಿಯಾಗಿ ಬೆನ್ನಿನ ಕೆಳಗೆ ಬರುತ್ತಿತ್ತು. ಇನ್ನಷ್ಟು ನುಣುಪಾಗಿ ಹೊಲಿಯಬೇಕಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ದಿನವಿಡೀ ನಿಂತು ಎಡ ಹಿಮ್ಮಡಿಯಲ್ಲಿ ಒಂದು ಹುಣ್ಣಾಗಿತ್ತು, ಯಾರಿಗೂ ಹೇಳಿರಲಿಲ್ಲ. ಎಲ್ಲರ ಬಾಯಿ ಬಿಡಿಸುವವರು ತಮ್ಮ ಕಾಲಿನ ವಿಷಯ ನುಂಗಿಕೊಂಡಿದ್ದರು. ಹಾಸಿಗೆ ಹಿಡಿದ ಮೂರನೇ ವಾರಕ್ಕೆ ಪಾದ ಕಪ್ಪಾಯಿತು. ಆಪರೇಷನ್ ಮಾಡುವ ಡಾಕ್ಟರು ಒಂದು ಮಧ್ಯಾಹ್ನ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತು. ಮಂಚದ ಪಕ್ಕದ ಸ್ಟೂಲಿನಲ್ಲಿ ನಾನಿದ್ದೆ. ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ಮಂಡಿಯಿಂದ ಕೆಳಗೆ ಕಾಲು ತೆಗೆಯಬೇಕು, ತೆಗೆಯದಿದ್ದರೆ ನಂಜು ಮೈಗೇರುತ್ತದೆ, ಆಮೇಲೆ ಉಳಿಯುವುದು ಕೆಲವೇ ದಿನ ಎಂದು ಡಾಕ್ಟರು ಅಕ್ಕನಿಗೇ ವಿವರಿಸಿದರು. ಎರಡು ಸಲ, ನಿಧಾನವಾಗಿ. ಒಪ್ಪಿಗೆಯಾ ಅಮ್ಮ ಎಂದು ಕೇಳಿದರು.

‘ಹೂಂ,’ ಎಂದರು ಅಕ್ಕ.

ತಾಯಿಯವರು ಒಪ್ಪಿದ್ದಾರೆ ಎಂದು ಡಾಕ್ಟರು ಕಾಗದವನ್ನು ಮಗಳ ಕಡೆ ಚಾಚಿದರು. ಮಗಳು ಪೆನ್ನು ತೆಗೆದುಕೊಂಡಳು.

ಅಲ್ಲಿ ನಾನು ಬಾಯಿ ಹಾಕಿದೆ. ಅದು ಒಪ್ಪಿಗೆ ಅಲ್ಲ ಡಾಕ್ಟ್ರೇ, ಅವರಿಗೆ ಬರುವುದು ಅದೊಂದೇ ಶಬ್ದ, ನೋಡಿ ಕಣ್ಣು ಎಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಮುಳುಗುವವರು ದಡದ ಮೇಲಿನವರನ್ನು ನೋಡುವ ಹಾಗೆ ನೋಡುತ್ತಿದ್ದರು. ಬೇರೆ ಡಾಕ್ಟರಾಗಿದ್ದರೆ ನನ್ನನ್ನು ಆಚೆಗೆ ಕಳಿಸುತ್ತಿದ್ದರೋ ಏನೋ. ಇವರು ಕಾಗದ ಮಡಿಸಿಟ್ಟು, ಹಾಗಾದರೆ ಹೇಗೆ ಕೇಳಬೇಕು ನೀವೇ ಹೇಳಿ ಎಂದರು.

ನಾನು ಅಕ್ಕನ ಎಡಗೈ ಹಿಡಿದುಕೊಂಡೆ. ಒಂದು ಬೆರಳು ಎತ್ತಿದರೆ ಬೇಕು, ಮುಷ್ಟಿ ಹಿಡಿದರೆ ಬೇಡ, ಅಂಗೈ ಬಿಚ್ಚಿದರೆ ಗೊತ್ತಿಲ್ಲ. ಮೊದಲು ಪರೀಕ್ಷೆ ಮಾಡಿದೆ. ನೀರು ಬೇಕಾ? ಬೆರಳು. ನಾನೊಂದು ಹಾಡು ಹೇಳಲಾ? ಕೇಳಿ ಮುಗಿಸುವ ಮೊದಲೇ ಮುಷ್ಟಿ. ಡಾಕ್ಟರು ನಕ್ಕರು. ಮಗಳೂ ನಕ್ಕಳು. ಅಕ್ಕನ ಅರ್ಧ ಮುಖ ನಕ್ಕಿತು. ಎಷ್ಟೋ ದಿನದ ಮೇಲೆ ಅವರ ಮಾತು ಹೊರಗೆ ಬಂದಿತ್ತು, ಅದನ್ನು ತಂದವಳು ನಾನು. ಆ ಗಳಿಗೆ ನನಗೆ ಎಂಥ ಹೆಮ್ಮೆಯಾಯಿತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅದೇ ಹುಮ್ಮಸ್ಸಿನಲ್ಲಿ ಕೇಳಿಬಿಟ್ಟೆ.

‘ಅಕ್ಕ, ಕಾಲು ತೆಗೀಬೇಕಂತೆ. ತೆಗೀದಿದ್ರೆ ಜೀವಕ್ಕೆ ಅಪಾಯ ಅಂತಾರೆ. ಆಪರೇಷನ್ ಬೇಕಾ, ಬೇಡ್ವಾ, ಗೊತ್ತಿಲ್ವಾ?’

ಅಕ್ಕನ ಎಡಗೈ ಎದೆಯ ಮೇಲೆ ಬಂತು. ಮುಷ್ಟಿಯಾಯಿತು.

ಡಾಕ್ಟರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಕಾಲು ಹೀಗೇ ಇರಲಿ, ಏನಾದರೂ ಆಗಲಿ, ಹಾಗೆ ಬೇಕಾ? ಒಂದು ಬೆರಳು ಎದ್ದಿತು. ಉಳಿದಿದ್ದ ಒಂದೇ ಒಳ್ಳೆಯ ಕಾಲು ಅದು. ಅದೂ ಹೋದರೆ ತಮ್ಮನ್ನು ಎತ್ತುವವರು ಯಾರು, ತೊಳೆಯುವವರು ಯಾರು, ಯಾರ ಬದುಕು ತಮ್ಮ ಮಂಚದ ಕಾಲಿಗೆ ಕಟ್ಟಿಹೋಗುತ್ತದೆ ಎಂದು ಅವರು ಅಲ್ಲಿ ಮಲಗಿ ಯೋಚಿಸಿಟ್ಟಿದ್ದರೆಂದು ಕಾಣುತ್ತದೆ. ಬೇರೆ ಕೆಲಸ ಏನಿತ್ತು ಅವರಿಗೆ? ಡಾಕ್ಟರು ಮರುದಿನ ಮತ್ತೆ ಬಂದರು, ಇನ್ನೊಬ್ಬ ಡಾಕ್ಟರನ್ನೂ ಕರೆತಂದು ಕೇಳಿಸಿದರು. ಅದೇ ಮುಷ್ಟಿ. ಕಾಗದ ಸಹಿಯಿಲ್ಲದೆ ವಾಪಸ್ಸು ಹೋಯಿತು.

ಮಗಳು ಒಂದು ಮಾತೂ ಆಡಲಿಲ್ಲ. ನಾನು ಅದನ್ನು ಗಟ್ಟಿತನ ಎಂದುಕೊಂಡೆ. ಅಮ್ಮನ ಮಗಳಲ್ಲವೇ, ಉತ್ತರ ಬಂದ ಮೇಲೆ ಹೊರುತ್ತಾಳೆ ಎಂದು ಲಾಂಡ್ರಿಗೆ ಬಂದು ಹೊಗಳಿದೆ. ಅವಳು ಶಾಲೆಗೆ ರಜೆ ಹಾಕಿ ದಿನವಿಡೀ ಅಮ್ಮನ ಎಡಗೈ ಹಿಡಿದು ಕೂರುತ್ತಿದ್ದಳು.

ಐದನೇ ದಿನ ನನಗೆ ತಡೆಯಲಾಗಲಿಲ್ಲ. ಬೇಡ ಎಂದವರನ್ನು ಮತ್ತೆ ಮತ್ತೆ ಕೇಳಿ ದಣಿಸಬಾರದು ಎನ್ನುವುದು ಅಕ್ಕನ ಇನ್ನೊಂದು ಕಟ್ಟುಪಾಡು. ಅದನ್ನು ಮುರಿದು, ಮಗಳು ನೀರು ತರಲು ಹೋದಾಗ ಬಗ್ಗಿ ಕೇಳಿದೆ. ಅಕ್ಕಾ, ಒಂದೇ ಒಂದು ಸಲ ಯೋಚನೆ ಮಾಡಿ ಎಂದೆ. ಅವರು ಮುಷ್ಟಿ ಹಿಡಿದು, ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡರು. ಅಷ್ಟು ವರ್ಷದಲ್ಲಿ ಅವರು ನನಗೆ ಬೆನ್ನು ತೋರಿಸಿದ್ದು ಅದೊಂದೇ ಸಲ.

ಎಂಟನೇ ದಿನ ಜ್ವರ ಏರಿತು. ಆಮೇಲೆ ಕೇಳಿದರೂ ಉತ್ತರ ಕೊಡಲು ಅವರ ಕೈಯಲ್ಲಿ ಶಕ್ತಿಯಿರಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ, ಒಗೆದ ಬಟ್ಟೆಯ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಹೋಗಿಬಿಟ್ಟರು. ಅವರ ಶೀಟು ಕೆಳಗೆ ಬಂದಾಗ ಗುಬ್ಬಿಯೇ ಅದನ್ನು ವಿಂಗಡಿಸಿದಳು. ಬೇರೆ ಯಾರ ಕೈಗೂ ಕೊಡಲಿಲ್ಲ. ಆಯ್ತಾ ಸಾಹೇಬರು ಆ ವಾರ ದಿನವೂ ಟೀ ಲೋಟಗಳನ್ನು ತಾವೇ ತೊಳೆದರು.

ತಿಂಗಳು ಕಳೆದ ಮೇಲೆ ಮಗಳು ಅಮ್ಮನ ಏಪ್ರನ್, ಚಪ್ಪಲಿ, ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದಳು. ಎಲ್ಲರೂ ಟೀಗೆ ಹೋಗಿದ್ದರು. ನಾನು ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕೊಟ್ಟೆ. ಅವಳು ಹೋಗಲಿಲ್ಲ. ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಮೇಜಿನ ಆಚೆ ಬದಿಗೆ ನಿಂತಳು.

‘ಚಿಕ್ಕಮ್ಮ, ಅವತ್ತು ನೀವು ಮೊದಲನೇ ಸುತ್ತು ಮಾಡ್ಲೇ ಇಲ್ಲ,’ ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ಯಾವ ಸಭೆ, ಯಾವ ಸುತ್ತು ಎಂದು ಅವಳ ಮುಖ ನೋಡಿದೆ.

‘ನೇರ ಎರಡನೇದಕ್ಕೆ ಹೋಗಿಬಿಟ್ರಿ. ಬೇಕಾ, ಬೇಡ್ವಾ ಅಂತ. ನಾನು ಕಿಟಕಿ ಹತ್ರಾನೇ ನಿಂತಿದ್ದೆ. ಈಗ ನನ್ನ ಸರದಿ ಬರುತ್ತೆ, ಈಗ ಬರುತ್ತೆ ಅಂತ ಕಾಯ್ತಾ ಇದ್ದೆ. ಮಧ್ಯೆ ಬಾಯಿ ಹಾಕಬಾರದು ಅಂತ ಅಮ್ಮ ಕಲಿಸಿದ್ದಲ್ವಾ?’

ಇಷ್ಟು ವರ್ಷ ಸುತ್ತು ಬರೆದವಳು ನಾನು. ಅಕ್ಕನ ಮಾತನ್ನು ಪುಸ್ತಕದ ಮೊದಲ ಪುಟಕ್ಕೆ ಏರಿಸಿದವಳು ನಾನು. ಆಮೇಲಾದರೂ ಹೇಳಬಹುದಿತ್ತಲ್ಲಮ್ಮ, ಹನ್ನೊಂದು ದಿನ ಇತ್ತಲ್ಲ ಎಂದೆ. ತಪ್ಪನ್ನು ಅವಳ ಕಡೆಗೆ ಸ್ವಲ್ಪವಾದರೂ ತಳ್ಳುವ ಆಸೆ ಅದರಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ಅಮ್ಮ ಬೇಡ ಅಂದಾಗಿತ್ತು, ಬೇಡ ಅಂದವರ ಮೇಲೆ ಒತ್ತಡ ಹಾಕಬಾರದಲ್ಲ ಎಂದಳು ಅವಳು. ಕೈ ಹಿಡಿದುಕೊಂಡು ಕೂತಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬರುತ್ತಿತ್ತಂತೆ. ಹೇಳಿದರೆ ಅಮ್ಮನಿಗೆ ಉಳಿದಿರುವ ಒಂದೇ ಒಂದು ತೀರ್ಮಾನವನ್ನೂ ಕಿತ್ತುಕೊಂಡ ಹಾಗೆ ಎಂದು ನುಂಗಿಕೊಳ್ಳುತ್ತಿದ್ದಳಂತೆ. ಸರದಿ ಬಂದಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದೆ. ಕೇಳಬೇಕಾದ ದಿನ ಬಿಟ್ಟು ತಿಂಗಳಾದ ಮೇಲೆ ಕೇಳಿದೆ.

‘ನೀನು ನಂಗೆ ಬೇಕಮ್ಮ ಅಂತಿದ್ದೆ. ನಡೆಯೋಕಾಗದಿದ್ರೂ ಬೇಕು, ಮಾತು ಬರದಿದ್ರೂ ಬೇಕು. ಎತ್ತಿ ಕೂರಿಸೋದು ನಂಗೇನು ಭಾರ ಅಲ್ಲ ಅಂತಿದ್ದೆ. ಅಷ್ಟು ಕೇಳಿದ ಮೇಲೂ ಅಮ್ಮ ಮುಷ್ಟಿ ಹಿಡಿದಿದ್ರೆ ಹಿಡೀಲಿ, ತಡ್ಕೋತಿದ್ದೆ.’

ಅಷ್ಟು ಹೇಳಿ ಅವಳು ಚೀಲ ಎತ್ತಿಕೊಂಡು ಹೋದಳು. ಬೈದಿದ್ದರೆ, ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೆಷಿನ್ ಮುಂದೆ ಕೂತಾಗ ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮಗಳಿಗೆ ತಾನು ಬೇಕು ಎಂದು ಅಕ್ಕನಿಗೆ ಗೊತ್ತಿರಲಿಲ್ಲವೇ, ಹೆತ್ತ ತಾಯಿಗೆ ಅದನ್ನು ಬಾಯಿ ಬಿಟ್ಟು ಹೇಳಬೇಕೇ ಎಂದು. ಗೊತ್ತಿತ್ತು, ಗೊತ್ತಿಲ್ಲದೆ ಏನು? ಆದರೆ ಗೊತ್ತಿರುವುದೂ, ಹೇಳುವವರ ಎದುರಿಗೆ ಕೂತು ಕಿವಿಯಾರೆ ಕೇಳುವುದೂ ಒಂದೇ ಆಗಿದ್ದರೆ ಅವರು ಅಷ್ಟು ವರ್ಷ ನಮ್ಮನ್ನೆಲ್ಲ ದುಂಡಗೆ ಕೂರಿಸುತ್ತಿರಲಿಲ್ಲ.